ಸಭೆಯಲ್ಲಿ ಹಾಜರಿದ್ದವರು

ಹಳೆಯ ಬಸ್ ನಿಲ್ದಾಣದ ಹಿಂಬದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಹತ್ತೊಂಬತ್ತು ಅಂಗಡಿಗಳಿದ್ದವು. ಏಳನೆಯದು ಟೈಲರಮ್ಮನದು. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಉದ್ದನೆಯ ಮೇಜು, ಗೋಡೆಯ ಮೊಳೆಗಳಲ್ಲಿ ನೇತಾಡುವ ಶಾಲಾ ಸಮವಸ್ತ್ರಗಳು. ಇಷ್ಟಕ್ಕೇ ಅಂಗಡಿ ತುಂಬಿಹೋಗಿ, ಅಳತೆ ಕೊಡಲು ಬಂದವರು ಅರ್ಧ ಮೈ ಒಳಗೆ, ಅರ್ಧ ಮೈ ಬೀದಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಗಂಡ ತೀರಿಕೊಂಡ ವರ್ಷ ಹಿಡಿದ ಅಂಗಡಿ ಅದು. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಊರಿನ ಅರ್ಧ ಜನರ ಸೊಂಟದ ಸುತ್ತಳತೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು.

ಒಂದು ಬೆಳಿಗ್ಗೆ ಬಾಗಿಲು ಎತ್ತಲು ಬಂದಾಗ ಹತ್ತೊಂಬತ್ತೂ ಬಾಗಿಲುಗಳ ಮೇಲೆ ನಗರಸಭೆಯ ನೋಟೀಸು ಅಂಟಿತ್ತು. ರಸ್ತೆ ಅಗಲ ಮಾಡಬೇಕಾಗಿದೆ, ಈ ಬಗ್ಗೆ ಅಭಿಪ್ರಾಯ ಕೊಡಲು ಒಂದು ನಾಗರಿಕ ಸಮಿತಿ ರಚಿಸಲಾಗುವುದು, ಅಂಗಡಿ ಸಾಲಿನ ಪರವಾಗಿ ಒಬ್ಬ ಪ್ರತಿನಿಧಿಗೆ ಅವಕಾಶವಿದೆ ಎಂದು ಬರೆದಿತ್ತು. ಪಕ್ಕದ ಅಂಗಡಿಯ ಗಡಿಯಾರದಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅದನ್ನು ಎರಡು ಸಲ ಓದಿದ. ಸಣ್ಣಕ್ಷರದಲ್ಲಿ ಏನೋ ಇರುತ್ತದೆ, ಯಾವಾಗಲೂ ಸಣ್ಣಕ್ಷರದಲ್ಲೇ ಇರುತ್ತದೆ ಎಂಬುದು ಅವನ ಅನುಭವ.

ಟೈಲರಮ್ಮ ಆ ದಿನ ಸಮವಸ್ತ್ರಗಳನ್ನು ಮುಟ್ಟಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದುಕೊಂಡು ರಸ್ತೆಗಿಳಿದಳು. ಬೀಗ ರಿಪೇರಿಯವನು ಟೇಪಿನ ಒಂದು ತುದಿ ಹಿಡಿದ, ಅವಳು ಇನ್ನೊಂದು. ಐದೈದು ಅಡಿ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೋದರು. ರಸ್ತೆ ಇಪ್ಪತ್ತೆರಡು ಅಡಿ. ಎದುರುಗಡೆ ನಗರಸಭೆಯದೇ ಒಂದು ಬೇಲಿ ಹಾಕಿದ ಬಯಲು. ಕೆಟ್ಟು ನಿಂತ ಕಸದ ಲಾರಿಗಳು ಅಲ್ಲಿ ತುಕ್ಕು ಹಿಡಿಯುತ್ತಿದ್ದವು. ಅದರ ಅಗಲ ಅರವತ್ತು ಅಡಿಗೂ ಮಿಕ್ಕು. ನೋಟೀಸಿನ ಪ್ರಕಾರ ರಸ್ತೆಗೆ ಇನ್ನೂ ಬೇಕಾದದ್ದು ಹದಿನೆಂಟು ಅಡಿ. ಲಾರಿಗಳನ್ನು ಸರಿಸಿದರೆ ಒಂದು ಇಟ್ಟಿಗೆಯೂ ಬೀಳಬೇಕಾಗಿಲ್ಲ. ಇಷ್ಟನ್ನೂ ಅವಳು ಆರ್ಡರ್ ಪುಸ್ತಕದ ಹಾಳೆಯೊಂದರಲ್ಲಿ ಬರೆದಳು.

ಸಂಜೆ ಎಲ್ಲರೂ ಅವಳ ಅಂಗಡಿಯ ಮುಂದೆ ಸೇರಿದರು. ಅವಳ ಮಾತು ಒಂದೇ: ಒಬ್ಬರು ಬೇಡ, ಹತ್ತೊಂಬತ್ತು ಜನವೂ ಹೋಗೋಣ. ಉಳಿದವರು ಅಂಗಡಿ ಮುಚ್ಚಿ ಬರುವುದಕ್ಕೆ ಹಿಂದೆಮುಂದೆ ನೋಡಿದರು. ಅಷ್ಟರಲ್ಲಿ ಬೀಗದವನು, ಮನೆಯಲ್ಲೇ ಬೃಹಸ್ಪತಿಯನ್ನಿಟ್ಟುಕೊಂಡು ಊರೆಲ್ಲ ಯಾಕೆ ಹುಡುಕಬೇಕು ಎಂದ. ಅವನು ಹೇಳಿದ್ದು ಅವಳ ಅಣ್ಣನ ಬಗ್ಗೆ.

ಅಣ್ಣ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ರಾಜಕೀಯ ತತ್ವಶಾಸ್ತ್ರ ಕಲಿಸಿ ನಿವೃತ್ತನಾದವನು. ಮದುವೆಯಾಗಲಿಲ್ಲ. ತಂಗಿ ವಿಧವೆಯಾಗಿ ಬಂದಾಗ ಒಂದು ಮಾತೂ ಆಡದೆ ತನ್ನ ಪುಸ್ತಕಗಳನ್ನು ಒಂದು ಕೋಣೆಗೆ ಒತ್ತರಿಸಿ ಇನ್ನೊಂದನ್ನು ಬಿಟ್ಟುಕೊಟ್ಟಿದ್ದ. ಆ ಋಣವನ್ನು ಅವಳು ಎಂದೂ ಮರೆತಿರಲಿಲ್ಲ. ವಿದ್ಯಾರ್ಥಿಗಳು ಅವನನ್ನು ‘ಆದರೂ ಮೇಷ್ಟ್ರು’ ಎನ್ನುತ್ತಿದ್ದರು. ಯಾವ ವಾದವನ್ನು ಎತ್ತಿಕೊಂಡರೂ ಮೊದಲು ಎದುರಾಳಿಯ ಕಡೆಯಿಂದ, ಎದುರಾಳಿಗೇ ಹೊಳೆಯದಷ್ಟು ಚೆಂದವಾಗಿ ಹೇಳಿ, ಆಮೇಲೆ ಒಂದು ‘ಆದರೂ’ ಹಾಕಿ ತನ್ನ ಮಾತಿಗೆ ಬರುತ್ತಿದ್ದ. ಗಂಟೆ ಹೊಡೆಯುವುದರೊಳಗೆ ಆ ‘ಆದರೂ’ ಬಂದರೆ ಅದು ವಿದ್ಯಾರ್ಥಿಗಳ ಪುಣ್ಯ.

ಇವರು ಕೇಳುವ ಮೊದಲೇ ನಗರಸಭೆಯ ಅಧ್ಯಕ್ಷ ಮನೆಗೆ ಬಂದುಬಿಟ್ಟ. ಅವನೂ ಅಣ್ಣನ ಹಳೆಯ ವಿದ್ಯಾರ್ಥಿ. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿ ಕೊಟ್ಟರೂ ಕೂರದೆ ನಿಂತೇ ಮಾತಾಡಿದ. ಬಾಗಿಲಾಚೆ ನಿಂತು ಗೊಣಗುವವನು ಪ್ರಜೆಯಲ್ಲ, ಬರೀ ನೆರೆಯವನು ಎಂದು ನೀವೇ ತರಗತಿಯಲ್ಲಿ ಹೇಳಿದ್ದಿರಿ, ಈಗ ನೀವೇ ಒಳಗೆ ಬರದಿದ್ದರೆ ಹೇಗೆ ಎಂದ. ಇಪ್ಪತ್ತೈದು ವರ್ಷದ ಹಿಂದಿನ ತನ್ನ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅಣ್ಣನ ಮುಖ ಅರಳಿದ್ದನ್ನು ಟೈಲರಮ್ಮ ಅಡುಗೆಮನೆಯ ಬಾಗಿಲಿಂದ ನೋಡಿದಳು. ಒಳ್ಳೆಯದೇ ಆಯಿತು ಎಂದುಕೊಂಡಳು. ನಮ್ಮವನೊಬ್ಬ ಒಳಗಿರುತ್ತಾನೆ.

ಸಮಿತಿ ಪ್ರತಿ ಗುರುವಾರ ಮಧ್ಯಾಹ್ನ ನಗರಸಭೆಯ ಮೇಲಿನ ಮಹಡಿಯಲ್ಲಿ ಸೇರುತ್ತಿತ್ತು. ಅಣ್ಣ ಬುಧವಾರವೇ ಟಿಪ್ಪಣಿ ಬರೆದಿಟ್ಟುಕೊಳ್ಳುತ್ತಿದ್ದ. ನಿವೃತ್ತನಾದ ಮೇಲೆ ಹತ್ತು ಗಂಟೆಗೆ ಎದ್ದು ಗಡ್ಡವನ್ನೂ ಬೋಳಿಸದೆ ಕೂರುತ್ತಿದ್ದವನು ಈಗ ಬೆಳಿಗ್ಗೆ ಆರಕ್ಕೆ ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಅವಳು ಅವನಿಗೆ ಎರಡು ಹೊಸ ಅಂಗಿ ಹೊಲಿದುಕೊಟ್ಟಳು, ಪೆನ್ನು ಜಾರದಂತೆ ಜೇಬಿಗೆ ಒಳಗೊಂದು ಪಟ್ಟಿಯಿಟ್ಟು. ಜೊತೆಗೆ ಅಳತೆಯ ಹಾಳೆಯನ್ನೂ ಕೊಟ್ಟು, ಮೊದಲು ಇದನ್ನ ಹೇಳು ಎಂದಳು.

ಮನೆಗೆ ಬಂದಾಗ ಅವನ ಮಾತು ಮುಗಿಯುತ್ತಲೇ ಇರಲಿಲ್ಲ. ಎಲ್ಲರೂ ಎಷ್ಟು ಗಮನ ಕೊಟ್ಟು ಕೇಳುತ್ತಾರೆ, ಗುಮಾಸ್ತ ಒಂದೊಂದು ಮಾತನ್ನೂ ಹೇಗೆ ಬರೆದುಕೊಳ್ಳುತ್ತಾನೆ ಎಂದು ವರ್ಣಿಸುತ್ತಿದ್ದ. ಒಂದು ದಿನ ‘ತೆರವು’ ಎಂಬ ಪದವನ್ನು ತೆಗೆಸಿ ‘ಸ್ಥಳಾಂತರ’ ಎಂದು ಹಾಕಿಸಿದೆ ಎಂದ. ಇನ್ನೊಂದು ದಿನ ಮುನ್ನುಡಿಯಲ್ಲಿ ‘ಮಾನವೀಯ ದೃಷ್ಟಿಯಿಂದ’ ಎಂದು ಸೇರಿಸಿದರಂತೆ, ಅವನ ಒತ್ತಾಯಕ್ಕೆ.

“ಲಾರಿ ಬಯಲಿನ ವಿಷಯ ಹೇಳಿದ್ಯಾ?” ಎಂದು ಅವಳು ಕೇಳಿದಳು.

ಅದು ವಿವರದ ಮಾತು, ಇಂಜಿನಿಯರುಗಳಿಗೆ ಬಿಟ್ಟದ್ದು, ಸಮಿತಿ ಮೊದಲು ತತ್ವವನ್ನು ನಿರ್ಧರಿಸಬೇಕು, ತತ್ವ ಗಟ್ಟಿಯಾದರೆ ವಿವರ ತಾನಾಗಿ ಹಿಂದೆ ಬರುತ್ತದೆ ಎಂದು ಅವನು ತಿಳಿಹೇಳಿದ. ಅವಳಿಗೆ ಅದು ಅರ್ಥವಾಗಲಿಲ್ಲ. ಅವಳ ಕಸುಬಿನಲ್ಲಿ ಅಳತೆ ಮೊದಲು, ಕತ್ತರಿ ಆಮೇಲೆ. ಆದರೆ ಓದಿದವನು, ಮೂವತ್ತೊಂದು ವರ್ಷ ಇದನ್ನೇ ಅರೆದು ಕುಡಿದವನು. ನಾನು ಹತ್ತನೇ ತರಗತಿ, ನನಗೇನು ಗೊತ್ತು ಎಂದು ಸುಮ್ಮನಾದಳು. ಆ ಸುಮ್ಮನಾದ ಕ್ಷಣಕ್ಕೆ ಆಮೇಲೆ ಅವಳು ತನ್ನನ್ನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ನಾಲ್ಕನೇ ತಿಂಗಳು ಆದೇಶ ಬಂತು. ಮೊದಲು ಓದಿದವನು ಗಡಿಯಾರದಜ್ಜ. ‘ನಾಗರಿಕ ಸಮಿತಿಯ ಸರ್ವಾನುಮತದ ಶಿಫಾರಸಿನ ಮೇರೆಗೆ’ ಹತ್ತೊಂಬತ್ತು ಅಂಗಡಿಗಳನ್ನು ಊರಾಚೆಯ ಹೊಸ ಕಟ್ಟಡದ ಮೂರನೇ ಮಹಡಿಗೆ ಸ್ಥಳಾಂತರಿಸಲಾಗುವುದು. ಅಜ್ಜ ಕಾಗದವನ್ನು ಮಡಚಿ ಅವಳ ಮೇಜಿನ ಮೇಲಿಟ್ಟ. ಬೀಗದವನು ಬೀದಿಗೆಲ್ಲ ಕೇಳುವಂತೆ, ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು ಎಂದ. ಆ ದಿನ ಅವಳ ಅಂಗಡಿಗೆ ಆ ಸಾಲಿನವರು ಯಾರೂ ಬರಲಿಲ್ಲ, ಸೂಜಿ ಕೇಳಲೂ ಬರಲಿಲ್ಲ.

ಅವಳು ನೇರ ನಗರಸಭೆಗೆ ಹೋಗಿ ನಡಾವಳಿಯ ಪ್ರತಿ ಕೇಳಿದಳು. ಇದು ಅಣ್ಣನ ಮಾತನ್ನು ತಿರುಚಿ ಬರೆದದ್ದು, ಸಹಿಯನ್ನೇ ಕದ್ದದ್ದು ಎಂದೇ ಅವಳ ನಂಬಿಕೆ. ಗುಮಾಸ್ತ ಸಪ್ಪೆ ಮುಖದವನು, ಆದರೆ ಕೆಟ್ಟವನಲ್ಲ. ಹನ್ನೊಂದು ಸಭೆಗಳ ಹಾಳೆ ತೆಗೆದುಕೊಟ್ಟು, ಕಿಟಕಿಯ ಹತ್ತಿರ ಬೆಳಕಿದೆ, ಅಲ್ಲಿ ಓದಿ ಎಂದ. ಅವಳು ನಿಂತೇ ಓದಿದಳು. ಪ್ರತಿ ಹಾಳೆಯ ಮೇಲೆ ‘ಸಭೆಯಲ್ಲಿ ಹಾಜರಿದ್ದವರು’ ಎಂಬ ತಲೆಬರಹದ ಕೆಳಗೆ ಅಣ್ಣನ ದುಂಡು ಸಹಿ. ಮೂರನೇ ಸಭೆಯ ಹಾಳೆಯಲ್ಲಿ ಅವನ ಮಾತು: “ಹತ್ತೊಂಬತ್ತು ಜನರ ನೆಲೆಗಿಂತ ಒಂದು ಊರಿನ ನಡೆ ದೊಡ್ಡದು. ಸಾರ್ವಜನಿಕ ಹಿತ ಬಂದು ಕೇಳಿದಾಗ ಜಾಗ ಬಿಟ್ಟುಕೊಡುವುದು ಸೋಲಲ್ಲ. ಅದೂ ಒಂದು ಬಗೆಯ ಪಾಲ್ಗೊಳ್ಳುವಿಕೆ.”

ಇದು ಯಾರೂ ಕಟ್ಟಿ ಬರೆದದ್ದಲ್ಲ. ನೆಲೆ, ನಡೆ ಎಂದು ಹಾಗೆ ಪದ ಪೋಣಿಸುವವನು ಆ ಊರಿನಲ್ಲಿ ಒಬ್ಬನೇ ಇದ್ದ. ಅವನ ಜೊತೆ ಅವಳು ದಿನಾ ಊಟಕ್ಕೆ ಕೂರುತ್ತಿದ್ದಳು.

ಮನೆಗೆ ಬಂದು ಹಾಳೆಯನ್ನು ಅವನ ಮುಂದಿಟ್ಟಳು. ಅವನು ಕನ್ನಡಕ ಹಾಕಿಕೊಂಡು ಓದಿದ. ಮುಖ ಕಪ್ಪಿಟ್ಟಿತು.

“ಇದು ಪೂರ್ವಪಕ್ಷ ಕಣಮ್ಮ,” ಎಂದ. “ಎದುರಾಳಿಯ ವಾದವನ್ನ ಮೊದಲು ಹೇಳ್ಬೇಕು. ಅದು ನ್ಯಾಯ. ಆಮೇಲೆ ನಮ್ಮದು.”

“ನಮ್ಮದು ಎಲ್ಲಿದೆ?”

ಅವತ್ತು ಅಷ್ಟರಲ್ಲಿ ಚಹಾ ಬಂತಂತೆ. ಅಧ್ಯಕ್ಷನಿಗೆ ಇನ್ನೊಂದು ಕಡೆ ಹೋಗಬೇಕಿತ್ತಂತೆ, ಮುಂದಿನ ವಾರ ಮುಂದುವರಿಸೋಣ ಸರ್ ಎಂದನಂತೆ. ಮುಂದಿನ ವಾರ ಪಾದಚಾರಿ ದಾರಿಯ ವಿಷಯ ಬಂತು, ಅದರ ಮುಂದಿನ ವಾರ ದೀಪದ ಕಂಬ. ಎಲ್ಲದರ ಬಗ್ಗೆಯೂ ಅವನಿಗೆ ಹೇಳಲು ಏನಾದರೂ ಇದ್ದೇ ಇತ್ತು. ಇದಕ್ಕೆ ವಾಪಸು ಬರುವುದು ಹಾಗೇ ಉಳಿದುಹೋಯಿತು.

“ಸರ್ವಾನುಮತ ಅಂತ ಬರ್ದಿದಾರೆ. ನೀನು ಕೈ ಎತ್ತಿದ್ಯಾ?”

“ಯಾರೂ ಕೈ ಎತ್ತಲಿಲ್ಲ. ಅಧ್ಯಕ್ಷ ‘ಎಲ್ಲರ ಮಾತೂ ಬಂತಲ್ಲ’ ಅಂದ. ಬಂತು ಅಂದ್ವಿ.”

“ಸಹಿ?”

“ಅದು ಹಾಜರಿಗೆ ಹಾಕಿದ್ದು.”

ಅವಳು ಅವನ ಮೇಲೆ ಕೂಗಾಡಲಿಲ್ಲ. ಇನ್ನೂ ಅವಕಾಶವಿತ್ತು. ಮೇಲ್ಮನವಿಗೆ ಮೂವತ್ತು ದಿನ ಇತ್ತು. ಅಂಗಡಿ ಅಂಗಡಿಗೂ ಹೋಗಿ, ಕೆಲವರ ಬಾಯಲ್ಲಿ ಅನ್ನಿಸಿಕೊಂಡು, ಕೆಲವರ ಕೈ ಹಿಡಿದು, ಹದಿನೆಂಟು ಜನರ ಸಹಿ ತಂದಳು. ಬೀಗದವನು ಕೊನೆಯವನಾಗಿ ಹಾಕಿದ. ಒಬ್ಬ ವಕೀಲೆ ಸಿಕ್ಕಳು, ಚುರುಕಾದವಳು. ನಡಾವಳಿ ಓದಿದವಳೇ, ಸರ್ವಾನುಮತ ಎನ್ನುವುದೇ ಇವರ ಗೋಡೆ, ಅದರಿಂದ ಒಂದು ಇಟ್ಟಿಗೆ ಎಳೆದರೆ ಸಾಕು ಎಂದಳು. ಆ ಇಟ್ಟಿಗೆ ಅಣ್ಣ. ಅವನನ್ನು ಕೂರಿಸಿಕೊಂಡು ಮೂರು ಸಲ ಹೇಳಿಕೊಟ್ಟಳು.

“ಮೇಷ್ಟ್ರೇ, ನಾನು ಒಂದೇ ಪ್ರಶ್ನೆ ಕೇಳ್ತೀನಿ. ಈ ತೀರ್ಮಾನಕ್ಕೆ ಒಪ್ಪಿಗೆ ಕೊಟ್ರಾ ಅಂತ. ಇಲ್ಲ ಅನ್ನಿ. ಅವರು ಬೇರೆ ಏನು ಕೇಳಿದ್ರೂ, ‘ನನಗೆ ಮಾತು ಮುಗಿಸೋಕೆ ಬಿಡಲಿಲ್ಲ’ ಅನ್ನಿ. ಇದು ಸತ್ಯವೇ ತಾನೆ? ಅದಕ್ಕಿಂತ ಒಂದು ಅಕ್ಷರ ಹೆಚ್ಚು ಬೇಡ.”

ಅಣ್ಣ ತಲೆಯಾಡಿಸಿದ. ಅವನಿಗೂ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ. ತಂಗಿಯ ಅಂಗಡಿಯನ್ನು ತಾನೇ ಕೈಯಾರೆ ಕೊಟ್ಟುಬಂದೆ ಎಂಬುದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅದರಲ್ಲಿ ನಾಟಕವಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮೇಲ್ಮನವಿ ಅಧಿಕಾರಿ ಬಿಳಿ ಮೀಸೆಯ ಸೌಮ್ಯ ಮನುಷ್ಯ. ಸಣ್ಣ ಕೋಣೆ, ಒಂದು ಬೆಂಚಿನಲ್ಲಿ ಅಂಗಡಿಯವರು, ಇನ್ನೊಂದರಲ್ಲಿ ಅಧ್ಯಕ್ಷ ಮತ್ತು ಅವನ ವಕೀಲರು. ಅಣ್ಣನನ್ನು ಕರೆದರು. ವಕೀಲೆ ಕೇಳಿದಳು. ಅಣ್ಣ ಸ್ಪಷ್ಟವಾಗಿ “ಇಲ್ಲ” ಎಂದ. ಬೀಗದವನು ಬಿಟ್ಟ ಉಸಿರು ಟೈಲರಮ್ಮನ ಕಿವಿಗೆ ಬಿತ್ತು. ವಕೀಲೆ ಕೂತಳು.

ಅಧಿಕಾರಿ ಹಾಳೆ ತಿರುವಿ, ಮೂರನೇ ಸಭೆಯ ಆ ಸಾಲುಗಳನ್ನು ಗಟ್ಟಿಯಾಗಿ, ನಿಧಾನವಾಗಿ ಓದಿದ. ಓದಿ ತಲೆದೂಗಿದ. “ಚೆನ್ನಾಗಿದೆ,” ಎಂದ. “ಇದು ನಿಮ್ಮದಲ್ವಾ?”

ಅಣ್ಣ ವಕೀಲೆಯ ಕಡೆ ನೋಡಲಿಲ್ಲ. “ನನ್ನದೇ,” ಎಂದ. ಆಮೇಲೆ, ಇದು ಪೂರ್ವಪಕ್ಷ ಎಂದು ವಿವರಿಸಲು ಶುರುಮಾಡಿದ. ಅಧಿಕಾರಿಗೂ ಈ ವಿಷಯದಲ್ಲಿ ಆಸಕ್ತಿ. ಹರೆಯದಲ್ಲಿ ಒಂದಿಷ್ಟು ಓದಿಕೊಂಡವನು. ಪೆನ್ನು ಕೆಳಗಿಟ್ಟು, ಮುಂದಕ್ಕೆ ಬಾಗಿ ಕೇಳತೊಡಗಿದ. ಒಬ್ಬನ ಹಕ್ಕು ಎಲ್ಲಿ ಮುಗಿಯುತ್ತದೆ, ಎಲ್ಲರ ಹಿತ ಎಲ್ಲಿ ಶುರುವಾಗುತ್ತದೆ, ಒಪ್ಪಿಗೆ ಎಂದರೆ ಬಾಯಿಂದ ಹೇಳಿದ್ದೇ ಅಥವಾ ಎದ್ದು ಹೋಗದೆ ಕೂತದ್ದೂ ಒಪ್ಪಿಗೆಯೇ ಎಂದು ಅಣ್ಣ ಒಂದೊಂದಾಗಿ ಬಿಡಿಸುತ್ತ ಹೋದ. ಬೆನ್ನು ನೇರವಾಯಿತು. ಬಲಗೈ ಮೇಲೆದ್ದು, ಸೀಮೆಸುಣ್ಣ ಹಿಡಿದಂತೆ ಎರಡು ಬೆರಳು ಕೂಡಿದವು. ವಕೀಲೆ ಎರಡು ಸಲ ಕೆಮ್ಮಿದಳು. ಅವನಿಗೆ ಕೇಳಲಿಲ್ಲ.

ಕೊನೆಗೆ ಅಧಿಕಾರಿ ಕೇಳಿದ, “ಸರಿ ಮೇಷ್ಟ್ರೇ, ಈ ಪೂರ್ವಪಕ್ಷಕ್ಕೆ ನಿಮ್ಮ ಉತ್ತರ ಏನು?”

ಅಣ್ಣ ಯೋಚಿಸಿದ. ಅವನ ತುಟಿಯಂಚಿನಲ್ಲಿ, ಒಳ್ಳೆಯ ಪ್ರಶ್ನೆ ಸಿಕ್ಕಾಗ ಬರುವ ಸಣ್ಣ ನಗೆ ಬಂತು.

“ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ,” ಎಂದ, “ಪೂರ್ತಿ ಉತ್ತರ ನನಗಿನ್ನೂ ಸಿಕ್ಕಿಲ್ಲ. ಅದು ಗಟ್ಟಿ ವಾದ.”

ಟೈಲರಮ್ಮ ಎದ್ದು ನಿಂತಳು. ಉತ್ತರ ನನ್ನ ಹತ್ತಿರ ಇದೆ, ಎದುರಿಗೆ ಅರವತ್ತು ಅಡಿ ಬಯಲಿದೆ, ರಸ್ತೆಗೆ ಬೇಕಾದದ್ದು ಹದಿನೆಂಟು, ನಾನೇ ಅಳೆದಿದ್ದೇನೆ ಎಂದಳು. ಅಧಿಕಾರಿ ತಾಳ್ಮೆಯಿಂದ ಕೇಳಿದ. ಕೇಳಿ, ಈ ಅಂಶವನ್ನು ಸಮಿತಿಯ ಮುಂದೆ ಇಟ್ಟಿದ್ದಿರಾ ಎಂದು ವಿಚಾರಿಸಿದ. ಹನ್ನೊಂದು ಸಭೆಗಳ ಹಾಳೆ ತಿರುವಿ ಹಾಕಿದ. ಎಲ್ಲೂ ಇರಲಿಲ್ಲ. ಕೆಳಗೆ ಎತ್ತದ ಮಾತನ್ನು ಮೇಲೆ ಎತ್ತಲು ಬರುವುದಿಲ್ಲ ಅಮ್ಮ, ನಿಯಮ ಹಾಗಿದೆ ಎಂದ. ಅವನ ದನಿಯಲ್ಲಿ ನಿಜವಾದ ವಿಷಾದವಿತ್ತು. ಅದರಿಂದ ಒಂದು ಇಟ್ಟಿಗೆಯೂ ಉಳಿಯುವಂತಿರಲಿಲ್ಲ.

ಅರ್ಜಿ ವಜಾ ಆಯಿತು. ತೀರ್ಪಿನಲ್ಲಿ ಅಧಿಕಾರಿ, ‘ವಿದ್ವಾಂಸರಾದ ಸದಸ್ಯರೇ ಯೋಜನೆಯ ತಾತ್ವಿಕ ನೆಲೆಯನ್ನು ನಮ್ಮ ಮುಂದೆ ಮನಮುಟ್ಟುವಂತೆ ವಿವರಿಸಿದ್ದಾರೆ’ ಎಂದು ಬರೆದಿದ್ದ.

ವಿಚಾರಣೆ ಮುಗಿದ ಸಂಜೆ ಅಣ್ಣ ತಂಗಿ ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತು ಬಂದರು. ಅರ್ಧ ದಾರಿ ಕಳೆದ ಮೇಲೆ ಅವನು, ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ ಎಂದ.

“ನಿನ್ನ ಹತ್ರ ಯಾರೂ ಸುಳ್ಳು ಕೇಳಲಿಲ್ಲ ಅಣ್ಣ. ‘ಇಲ್ಲ’ ಅಂದೆ, ಅದು ಸತ್ಯ. ಅಲ್ಲಿಗೆ ನಿಲ್ಲಿಸು ಅಂದಿದ್ವಿ.”

“ಅವರು ಕೇಳಿದ್ರಲ್ಲಮ್ಮ.”

“ಹೂಂ. ಕೇಳಿದ್ರು.” ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. “ನೀನು ಅಲ್ಲಿ ಖುಷಿಯಾಗಿದ್ದೆ. ನಾನು ನೋಡ್ದೆ. ನಿವೃತ್ತಿ ಆದಮೇಲೆ ನಿನ್ನ ಮುಖ ಅಷ್ಟು ಗೆಲುವಾಗಿ ಇದ್ದದ್ದು ನಾನು ಕಂಡಿಲ್ಲ. ನಮ್ಮ ಹತ್ತೊಂಬತ್ತು ಮನೆ ಅನ್ನ ಹೋಗ್ತಿತ್ತು, ನಿನಗೆ ಪಾಠ ಮಾಡೋಕೆ ಒಬ್ಬ ಸಿಕ್ಕಿದ್ದ.”

ಅವನು ಏನೋ ಹೇಳಲು ಬಾಯಿ ತೆರೆದ. ಬಹುಶಃ ‘ಆದರೂ’ ಎನ್ನಲಿಕ್ಕೇ ಇರಬೇಕು. ಹೇಳಲಿಲ್ಲ.

ಅಂಗಡಿಗಳು ಒಂದು ಮಂಗಳವಾರ ಮಧ್ಯಾಹ್ನದೊಳಗೆ ನೆಲ ಸೇರಿದವು. ಕೆಡವುವ ಯಂತ್ರ ಬರುವ ಮೊದಲೇ ಎಲ್ಲರೂ ಸಾಮಾನು ಹೊರಗೆ ಹಾಕಿಕೊಂಡಿದ್ದರು. ಗಡಿಯಾರದಜ್ಜ ತನ್ನ ಕಪಾಟಿನ ಮೇಲೆ ಕೂತು, ಗಿರಾಕಿಗಳು ವಾಪಸು ಒಯ್ಯದ ಗಡಿಯಾರಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ಮೂರನೇ ಮಹಡಿ ಹತ್ತಲು ಮೊಣಕಾಲು ಬಿಡದ ಅವನು ಕಸುಬನ್ನೇ ಬಿಟ್ಟ. ಆರು ತಿಂಗಳಲ್ಲಿ ತೀರಿಕೊಂಡ ಸುದ್ದಿ ಅವಳಿಗೆ ಬೇರೆಯವರಿಂದ ತಿಳಿಯಿತು. ಲಾರಿಗಳು ಮಾತ್ರ ಎದುರಿನ ಬಯಲಿನಲ್ಲಿ ಇದ್ದಲ್ಲೇ ಇದ್ದವು.

ಟೈಲರಮ್ಮ ಹೊಲಿಗೆ ಯಂತ್ರಗಳನ್ನು ಮನೆಗೆ ತಂದು ನಡುಮನೆಯಲ್ಲಿ ಇಟ್ಟುಕೊಂಡಳು. ಗಿರಾಕಿಗಳು ಕಾಲು ಭಾಗಕ್ಕೆ ಇಳಿದರು. ಅಣ್ಣ ಕೋಣೆಯ ಬಾಗಿಲು ಹಾಕಿಕೊಂಡು ಇರುತ್ತಿದ್ದ. ಊಟಕ್ಕೆ ಬಂದಾಗ ಉಪ್ಪು ಕೊಡು, ನೀರು ಕೊಡು ಎಂಬಷ್ಟೇ ಮಾತು. ಅವನು ಬಿಟ್ಟುಕೊಟ್ಟ ಕೋಣೆಯಲ್ಲಿ ತಾನು ಇರುವುದರಿಂದ ಅವಳಿಗೆ ಪೂರ್ತಿ ಮುನಿಸಿಕೊಳ್ಳಲೂ ಆಗುತ್ತಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಆಗಲೇ ನಗರಸಭೆಯ ವಾರ್ಷಿಕ ಸಮಾರಂಭಕ್ಕೆ ಅವನಿಗೆ ಕರೆ ಬಂತು. ‘ನಾಗರಿಕರ ಪಾಲ್ಗೊಳ್ಳುವಿಕೆ’ ಎಂಬ ವಿಷಯದ ಬಗ್ಗೆ ಮುಖ್ಯ ಭಾಷಣ. ಎರಡು ದಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿ, ಮೂರನೇ ದಿನ ಅವಳ ಯಂತ್ರದ ಪಕ್ಕ ಬಂದು ನಿಂತು, ಹೋಗಲಾ ಎಂದು ಕೇಳಿದ. ಅಲ್ಲಿ ನಿಜವನ್ನೇ ಹೇಳುತ್ತೇನೆ, ಈ ಸಮಿತಿ ಎಂಬುದು ಹೇಗೆ ನಡೆಯಿತು ಎಂದು ಬಿಚ್ಚಿಡುತ್ತೇನೆ ಎಂದ. ಅವಳು ಪೆಡಲಿನಿಂದ ಕಾಲು ತೆಗೆಯದೆ, ನಿನ್ನಿಷ್ಟ ಎಂದಳು. ಆದರೂ ಸಮಾರಂಭದ ದಿನ ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಅವನು ಹೋದ. ನಿಜವನ್ನೇ ಹೇಳಿದನಂತೆ. ಮೊದಲು ನಗರಸಭೆಯ ಪರವಾದ ವಾದವನ್ನು ಹೇಳಿದನಂತೆ, ಆಮೇಲೆ ಟೀಕೆ. ಜನ ಎರಡಕ್ಕೂ ಚಪ್ಪಾಳೆ ಹೊಡೆದರಂತೆ. ಅಧ್ಯಕ್ಷ ಎದ್ದು, ನಮ್ಮನ್ನು ಟೀಕಿಸುವ ಗುರುಗಳನ್ನೇ ಕರೆಸಿ ಮಾತಾಡಿಸಿದ್ದೇವೆ, ಇದಕ್ಕಿಂತ ಪ್ರಜಾಪ್ರಭುತ್ವ ಬೇಕೆ ಎಂದನಂತೆ.

ಅವನು ಅಲ್ಲಿ ಮಾತಾಡುತ್ತಿದ್ದ ಹೊತ್ತಿಗೇ ಪಕ್ಕದ ಬೀದಿಯ ನಾಲ್ಕು ಜನ ಮನೆಗೆ ಬಂದಿದ್ದರು. ಅವರ ಬಾಗಿಲಿಗೂ ನೋಟೀಸು ಬಿದ್ದಿತ್ತು. ಮೇಷ್ಟ್ರು ನಮ್ಮ ಪರವಾಗಿ ಸಮಿತಿಗೆ ಬರುತ್ತಾರಾ ಎಂದು ಕೇಳಿದರು. ಅವಳು ಅವರನ್ನು ಬಟ್ಟೆ ರಾಶಿಯ ನಡುವೆ ಕೂರಿಸಿದಳು.

“ಒಬ್ಬರನ್ನ ಕಳಿಸಬೇಡಿ, ಎಲ್ಲರೂ ಹೋಗಿ. ಚಹಾ ಕುಡೀಬೇಡಿ. ಕುರ್ಚಿ ಕೊಟ್ರೆ ಕೂರಬೇಡಿ. ನಿಮ್ಮ ಮಾತು ಹಾಳೆ ಮೇಲೆ ಬಿದ್ದದ್ದನ್ನ ಓದೋವರೆಗೂ ಸಹಿ ಹಾಕಬೇಡಿ,” ಎಂದಳು. “ಮತ್ತೆ, ಚೆನ್ನಾಗಿ ಮಾತಾಡೋರು ಯಾರಾದ್ರೂ ಇದ್ರೆ ಅವರನ್ನ ಮನೇಲಿ ಬಿಟ್ಟು ಹೋಗಿ.”

ಅವರು ಹಾಗೇ ಮಾಡಿದರು. ಅವಳೂ ಜೊತೆಗೆ ಹೋದಳು. ಹನ್ನೊಂದು ತಿಂಗಳು ಹಿಡಿಯಿತು. ಬೀದಿಯ ಒಂದು ಬದಿ ಉಳಿಯಿತು, ಇನ್ನೊಂದು ಬದಿ ಹೋಯಿತು. ಹೋದ ಬದಿಯವರು, ಉಳಿದವರು ನಗರಸಭೆಯ ಜೊತೆ ಒಳಗೊಳಗೇ ಮಾತಾಡಿಕೊಂಡರೆಂದು ಈಗಲೂ ನಂಬಿದ್ದಾರೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ. ಟೈಲರಮ್ಮನನ್ನು ಎರಡು ಕಡೆಯವರೂ ಬೈಯುತ್ತಾರೆ.

ಅವಳು ಆಮೇಲೂ ಬಿಡಲಿಲ್ಲ. ನಗರಸಭೆಯ ತಿಂಗಳ ಸಭೆಗೆ ಹೋಗಿ ಸಾರ್ವಜನಿಕರ ಬೆಂಚಿನಲ್ಲಿ ಕೂರುವುದು ಅಭ್ಯಾಸವಾಯಿತು. ಒಂದು ಸಲ ಅಣ್ಣ, ನಾನೂ ಬರಲಾ ಎಂದು ತಲೆ ತಗ್ಗಿಸಿ ಕೇಳಿದ. ಬಾ ಎಂದಳು. ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತರು. ಅವತ್ತು ಸಾರ್ವಜನಿಕ ನಲ್ಲಿಗಳನ್ನು ಮುಚ್ಚುವ ವಿಷಯ ಬಂದಿತ್ತು. ಕೊನೆಯಲ್ಲಿ ಅಧ್ಯಕ್ಷ ಕಣ್ಣೆತ್ತಿ, ಸಾರ್ವಜನಿಕರಲ್ಲಿ ಯಾರಾದರೂ ಹೇಳುವುದಿದೆಯೇ ಎಂದ. ಅವನ ಕಣ್ಣು ಹಿಂದಿನ ಸಾಲಿನ ಮೇಲೆ ನಿಂತಿತು. “ಸರ್ ಬಂದಿದ್ದಾರೆ,” ಎಂದು ಗೌರವದಿಂದ ನಕ್ಕ.

ಅಣ್ಣನ ಕೈ ಮೇಲೇಳತೊಡಗಿತು. ಟೈಲರಮ್ಮ ಅದರ ಮಣಿಕಟ್ಟು ಹಿಡಿದು ತೊಡೆಯ ಮೇಲೆ ಇಳಿಸಿದಳು. ಬಲವಾಗಿಯೇ ಹಿಡಿದಿದ್ದಳು. ಅವನು ಬಿಡಿಸಿಕೊಳ್ಳಲಿಲ್ಲ, ನೆಲ ನೋಡುತ್ತ ಕೂತ.

ಅವಳು ಎದ್ದು ನಿಂತು, ಯಾವ ಯಾವ ನಲ್ಲಿಯಿಂದ ಎಷ್ಟು ಮನೆಗಳು ನೀರು ಹಿಡಿಯುತ್ತವೆ ಎಂದು ಹೇಳತೊಡಗಿದಳು. ಸಪ್ಪೆ ಮುಖದ ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದ.

“ಬರ್ಕೊಳ್ಳಿ,” ಎಂದಳು.

ಗುಮಾಸ್ತ ಅಧ್ಯಕ್ಷನ ಮುಖ ನೋಡಿದ. ಅಧ್ಯಕ್ಷ ಕೈಗಡಿಯಾರ ನೋಡಿಕೊಂಡ.